ಸ್ಪಿಟ್‌ಫೈರ್ ರೆಕ್ಕೆಯ ನಕ್ಷೆ ಬಿಡಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಯುದ್ಧವಿಮಾನದ ಮಾದರಿ ಮಾಡಬಯಸುವ ಮಕ್ಕಳಿಗೆ, ಆರ್. ಜೆ. ಮಿಚೆಲ್ ಅವರ ತಂಡ ರೂಪಿಸಿದ, 1936ರ ಮಾರ್ಚ್ 5ರಂದು ಮೊದಲು ಹಾರಿದ ಬ್ರಿಟನ್ನಿನ ಸ್ಪಿಟ್‌ಫೈರ್‌ಗಿಂತ ಒಳ್ಳೆಯ ಪಾಠ ಸಿಗಲಾರದು. ಅದರ ರೆಕ್ಕೆ ಅಂಡಾಕಾರವಾದದ್ದು ಚೆಲುವಿಗಾಗಿ ಅಲ್ಲ. ವೇಗಕ್ಕಾಗಿ ರೆಕ್ಕೆ ತೆಳುವಾಗಿರಬೇಕಿತ್ತು. ಆದರೆ ಮಡಚಿದ ಗಾಲಿಗಳೂ ಎಂಟು ಮಷಿನ್‌ಗನ್‌ಗಳೂ ಅದರೊಳಗೇ ಹಿಡಿಸಬೇಕಾಗಿದ್ದುದರಿಂದ, ಬುಡದಿಂದ ಬಹುದೂರದವರೆಗೆ ಅಗಲವನ್ನು ಉಳಿಸಿಕೊಳ್ಳುವ ಆಕಾರ ಬೇಕಾಯಿತು.

ಧಾರವಾಡದ ಸುಭಾಸ ರಸ್ತೆಯಲ್ಲಿ ಸಿಗುವ ದಪ್ಪ ಡ್ರಾಯಿಂಗ್ ಶೀಟ್ ಸಾಕು. ರೆಕ್ಕೆಯ 11.23 ಮೀಟರ್ ಹರವನ್ನು 48ರಲ್ಲಿ ಒಂದು ಪಾಲಿಗೆ ಇಳಿಸಿ, 23.4 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ನಡುಬಿಂದುವಿನಿಂದ ಎರಡೂ ಕಡೆ 11 ಸೆಂ.ಮೀ. ದೂರದಲ್ಲಿ ಗುಂಡುಸೂಜಿ ಚುಚ್ಚಿ, ಅವುಗಳ ನಡುವೆ 23.4 ಸೆಂ.ಮೀ. ದಾರ ಕಟ್ಟಿ, ಪೆನ್ಸಿಲ್ಲಿನಿಂದ ದಾರವನ್ನು ಬಿಗಿಹಿಡಿದು ಗೆರೆಯ ಕೆಳಗೆ ಮಾತ್ರ ಕಮಾನು ಎಳೆದರೆ, ನಡುವೆ 4 ಸೆಂ.ಮೀ. ಆಳದ ಹಿಂಬದಿಯ ಅಂಚು ಮೂಡುತ್ತದೆ. ಮುಂಬದಿಯ ಅಂಚು ಸುಮಾರು 1.3 ಸೆಂ.ಮೀ. ಉಬ್ಬಿದರೆ ಸಾಕು, ಅದನ್ನು ಕೈಯಿಂದಲೇ ಬಿಡಿಸಬಹುದು. ಎರಡೂ ಅಂಚುಗಳನ್ನು ಸಮನಾಗಿ ಬಾಗಿಸಿದ ಮಾದರಿಗಳು ನನ್ನ ಕಣ್ಣಿಗೆ ಸ್ಪಿಟ್‌ಫೈರ್ ಎನಿಸುವುದೇ ಇಲ್ಲ. ಮೊದಲು ಎಳೆದ ಅಡ್ಡಗೆರೆಯೇ ಮುಖ್ಯ ತೊಲೆಯ ಜಾಗ. ಅದರುದ್ದಕ್ಕೂ ಉದಿನಕಡ್ಡಿಯ ಬಿದಿರನ್ನು ಅಂಟಿಸಿದರೆ ರೆಕ್ಕೆ ಬಾಗುವುದಿಲ್ಲ.