ಹಳೆಯ ಟೊಯೊಟಾ ಆಟೊಮ್ಯಾಟಿಕ್‌ಗೆ ಹೊಸ ಥ್ರಾಟಲ್ ವಾಲ್ವ್ ಕೇಬಲ್ ಹಾಕುವುದು ಹೇಗೆ?

ಥ್ರಾಟಲ್ ವಾಲ್ವ್ ಕೇಬಲ್ ತುಂಡಾದರೂ ಕಾರು ನಿಲ್ಲುವುದಿಲ್ಲ. ಗೇರುಗಳು ಮೊದಲಿಗಿಂತ ಮೆತ್ತಗೆ ಬೀಳುತ್ತವೆ, ಕಿಕ್‌ಡೌನ್ (ಪೆಡಲ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವುದು) ಸರಿಯಾಗಿ ಬರುವುದಿಲ್ಲ, ಅಷ್ಟೇ. ಹಾಗಾಗಿ ‘ಮಳೆಗಾಲ ಮುಗಿಯಲಿ, ನೋಡೋಣ’ ಎಂದು ಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂದು ಗೇರ್‌ಬಾಕ್ಸ್‌ಗೆ ಮುಟ್ಟಿಸುವುದು ಈ ಕೇಬಲ್. ಅದು ಎಳೆದಷ್ಟೂ ಒಳಗಿನ ಆಯಿಲ್ ಪ್ರೆಶರ್ ಏರುತ್ತದೆ; ಆ ಪ್ರೆಶರೇ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುವುದು. ಕೇಬಲ್ ಸಡಿಲವಿದ್ದರೆ ಎಂಜಿನ್ ಪೂರ್ತಿ ಬಲ ಹಾಕುವಾಗಲೂ ಪ್ರೆಶರ್ ಕೆಳಗೇ ಇರುತ್ತದೆ, ಪ್ಲೇಟುಗಳು ಜಾರಿ ಸುಡುತ್ತವೆ. ನಾಲ್ಕು ಜನರನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸುವಾಗ ಈ ಹಾನಿ ಬಲುಬೇಗ ಆಗುತ್ತದೆ.

ಇಲ್ಲಿ ಹೇಳುವುದು ಕರೋಲಾದ ಎ131ಎಲ್, ಎ240ಎಲ್, ಕ್ರೆಸಿಡಾದ ಎ340ಇ ಥರದ ಗೇರ್‌ಬಾಕ್ಸ್‌ಗಳ ಬಗ್ಗೆ. ಮೊದಲ ಎರಡರಲ್ಲಿ ಗೇರ್ ಯಾವಾಗ ಬದಲಾಗಬೇಕೆಂಬುದೂ ಕೇಬಲ್ ಮೇಲೆಯೇ ನಿಂತಿದೆ. ಎ340ಇಯಲ್ಲಿ ಅದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಕೇಬಲ್‌ಗೆ ಪ್ರೆಶರ್ ಕೆಲಸ ಮಾತ್ರ. ಆದ್ದರಿಂದ ಎ340ಇಯಲ್ಲಿ ಗೇರು ಸರಿಯಾದ ಸ್ಪೀಡಿಗೇ ಬೀಳುತ್ತಿದ್ದರೂ ಕೇಬಲ್ ಸರಿಯಿದೆ ಎನ್ನುವಂತಿಲ್ಲ.

ಕೇಬಲನ್ನು ಚಾಸಿಸ್ ನಂಬರ್ ಕೊಟ್ಟೇ ತರಿಸಿ. ಎಂಜಿನ್ ಬೇರೆಯಾದರೆ ಉದ್ದವೂ ಬೇರೆ. ಜತೆಗೆ ಕೇಬಲ್‌ನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆಯಾದ ಪ್ಯಾನ್‌ನ ಗ್ಯಾಸ್ಕೆಟ್, ಸ್ಟ್ರೈನರ್ (ಆಯಿಲ್ ಸೋಸುವ ಜಾಲರಿ), ನಾಲ್ಕು ಲೀಟರ್ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಇರಲಿ. ಈ ಗೇರ್‌ಬಾಕ್ಸ್‌ಗಳಿಗೆ ಡೆಕ್ಸ್‌ರಾನ್ 2 ದರ್ಜೆಯ ಎಟಿಎಫ್ ಹೇಳಿದ್ದು, ಈಗ ಡೆಕ್ಸ್‌ರಾನ್ 3 ಹಾಕಬಹುದು. ಡಿಪ್‌ಸ್ಟಿಕ್ ಮೇಲೆ ಬೇರೆ ಏನಾದರೂ ಬರೆದಿದ್ದರೆ ಅದೇ ಸರಿ.

ಕಾರು ಎತ್ತುವ ಜಾಗದ ಬಗ್ಗೆ ಒಂದು ಮಾತು. ಮನೆಯಂಗಳದಲ್ಲಿ ಕೆಂಪುಕಲ್ಲು ಸುಲಭವಾಗಿ ಸಿಗುತ್ತದೆಂದು ಅದನ್ನೇ ಕಾರಿನಡಿಗೆ ಕೊಡಬೇಡಿ. ಭಾರಕ್ಕೆ, ಅದರಲ್ಲೂ ನೆನೆದಾಗ, ಅದು ಹೇಳದೆ ಕೇಳದೆ ಒಡೆಯುತ್ತದೆ. ಆಕ್ಸಲ್ ಸ್ಟ್ಯಾಂಡೇ ಬೇಕು, ಇಂಟರ್‌ಲಾಕ್ ಅಥವಾ ಮಣ್ಣಿನ ನೆಲವಾದರೆ ಅದರಡಿಗೆ ದಪ್ಪ ಹಲಗೆ. ಮೇಲೆ ಗಟ್ಟಿ ಮಾಡೂ ಇರಲಿ. ಎಟಿಎಫ್‌ಗೆ ನೀರು ಸೇರಿದರೆ ಕ್ಲಚ್ ಪ್ಲೇಟಿನ ಲೈನಿಂಗ್ ಕಿತ್ತು ಬರುತ್ತದೆ, ಆದ್ದರಿಂದ ಜೂನ್-ಜುಲೈಯಲ್ಲಿ ತೆರೆದ ಅಂಗಳದಲ್ಲಿ ಪ್ಯಾನ್ ಬಿಚ್ಚುವುದು ಬೇಡ.

ಎಂಜಿನ್ ತಣ್ಣಗಿರುವಾಗ ಬ್ಯಾಟರಿ ನೆಗೆಟಿವ್ ತೆಗೆದು, ಹಳೆಯ ಕೇಬಲ್ ಹೋದ ದಾರಿಯ ಫೋಟೊ ತೆಗೆದುಕೊಳ್ಳಿ. ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ಬಳಿ ಅಡ್ಜಸ್ಟಿಂಗ್ ನಟ್‌ಗಳನ್ನು ಸಡಿಲಿಸಿ ಕೇಬಲ್ ತುದಿಯನ್ನು ಅಲ್ಲಿ ತಿರುಗುವ ಕ್ಯಾಮ್‌ನಿಂದ ಬಿಡಿಸಿ. ಕೇಬಲ್ ಗೇರ್‌ಬಾಕ್ಸ್ ಒಳಹೊಗುವ ತೂತಿನ ಸುತ್ತ ಕೆಸರು, ಉಪ್ಪುತುಕ್ಕು ಕಟ್ಟಿರುತ್ತದೆ. ಮಲ್ಪೆ, ಪಣಂಬೂರು ಕಡೆಯ ಕಾರುಗಳಲ್ಲಿ ಹೇಳುವುದೇ ಬೇಡ. ಬ್ರಶ್ ಹಾಕಿ ಒರೆಸಿದ ಮೇಲೆಯೇ ಬೋಲ್ಟಿಗೆ ಕೈಹಚ್ಚಿ.

ಈಗ ಆಯಿಲ್ ಇಳಿಸಿ. ಎಷ್ಟು ಬಂತೆಂದು ಅಳೆದಿಡಿ, ಆಮೇಲೆ ಬೇಕಾಗುತ್ತದೆ. ಪ್ಯಾನ್ ಬೋಲ್ಟುಗಳನ್ನು ಅಡ್ಡಡ್ಡ ಸಡಿಲಿಸುತ್ತ, ಒಂದು ಮೂಲೆಯದನ್ನು ಕೊನೆಗೆ ತೆಗೆಯಿರಿ. ಒಳಗಿನ ಅಯಸ್ಕಾಂತದಲ್ಲಿ ನುಣುಪಾದ ಬೂದು ಪೇಸ್ಟ್ ಇದ್ದರೆ ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟಿದ ಉಕ್ಕಿನ ಚೂರು ಎಂದರೆ ಬೇರಿಂಗ್, ಗೇರ್ ಅಥವಾ ಪ್ಲೇಟು ಸವೆದಿದೆ. ಅಂಟದ ಹಿತ್ತಾಳೆ ಚೂರು ಎಂದರೆ ಬುಶ್ ಸವೆದಿದೆ. ಹಾಗಿದ್ದರೆ ಕೇಬಲ್ ಹಾಕಿ ಪ್ರಯೋಜನವಿಲ್ಲ, ಗೇರ್‌ಬಾಕ್ಸೇ ಬಿಚ್ಚಬೇಕು.

ಸ್ಟ್ರೈನರ್ ತೆಗೆದ ಮೇಲೆ ವಾಲ್ವ್ ಬಾಡಿಯ (ಆಯಿಲ್ ಪ್ರೆಶರನ್ನು ಹಂಚುವ ಭಾಗ) ಪಕ್ಕದಲ್ಲಿ ಸಣ್ಣ ಕ್ಯಾಮ್ ಹುಡುಕಿ. ಆಯಿಲ್ ಟ್ಯೂಬ್ ಅಡ್ಡ ಇದ್ದರೆ ದೊಡ್ಡ ಸ್ಕ್ರೂಡ್ರೈವರಿನಿಂದ ಎರಡೂ ತುದಿಯನ್ನು ಸಮಸಮವಾಗಿ ಮೀಟಿ. ಬಗ್ಗಿದರೆ ಮತ್ತೆ ಸರಿಯಾಗಿ ಕೂರದು. ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಹಿಡಿದು ಕೇಬಲ್‌ನ ಗುಂಡು ತುದಿಯನ್ನು ಜಾರಿಸಿ ತೆಗೆಯಿರಿ. ಕೈ ತಲುಪದಿದ್ದರೆ ವಾಲ್ವ್ ಬಾಡಿ ಇಳಿಸಬೇಕು, ಅಲ್ಲಿ ಸ್ಪ್ರಿಂಗು, ಬಾಲುಗಳು ಉದುರುತ್ತವೆ. ಅನುಭವವಿಲ್ಲದವರು ಅಲ್ಲಿಗೇ ನಿಲ್ಲಿಸಿ ಆಟೊಮ್ಯಾಟಿಕ್ ಬಲ್ಲ ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು.

ಹೊರಗಿನ ಬೋಲ್ಟ್ ತೆಗೆದು ಹಳೆಯ ಕೇಬಲನ್ನು ನೇರ ಎಳೆಯಿರಿ. ಹಳೆಯ ಓ-ರಿಂಗ್ ತೂತಿನಲ್ಲೇ ಉಳಿದಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ. ಅದರ ಮೇಲೆ ಹೊಸದು ಕೂತರೆ ಸೋರುತ್ತದೆ. ಹೊಸ ಓ-ರಿಂಗ್‌ಗೆ ಎಟಿಎಫ್ ಸವರಿ ಒತ್ತಿ ಕೂರಿಸಿ. ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಹಿಡಿಸಿ, ಆಮೇಲೆ ಹಗುರವಾಗಿ ಬಿಗಿಯಿರಿ, ಕೇಸ್ ಅಲ್ಯೂಮಿನಿಯಂನದು. ತುದಿಯನ್ನು ಕ್ಯಾಮ್‌ಗೆ ಸಿಕ್ಕಿಸಿ ಮೇಲಿನಿಂದ ಎಳೆದು ಬಿಡಿ: ಕ್ಯಾಮ್ ಪೂರ್ತಿ ತಿರುಗಿ ತಾನಾಗಿ ಹಿಂದಿರುಗಬೇಕು. ಪ್ಯಾನ್ ಮುಚ್ಚುವ ಮೊದಲೇ ಇದನ್ನು ನೋಡಿ. ಗ್ಯಾಸ್ಕೆಟ್ ಇರುವ ಪ್ಯಾನಿಗೆ ಸಿಲಿಕಾನ್ ಬೇಡ, ಹಿಂಡಿ ಹೊರಬಂದ ಚೂರು ಸ್ಟ್ರೈನರ್ ಕಟ್ಟುತ್ತದೆ. ಪ್ಯಾನ್ ಬೋಲ್ಟಿಗೆ ಕರೋಲಾದಲ್ಲಿ ಸುಮಾರು 5, ಎ340ಇಯಲ್ಲಿ 7 ನ್ಯೂಟನ್ ಮೀಟರ್ ಸಾಕು.

ಅಡ್ಜಸ್ಟ್‌ಮೆಂಟ್‌ನಲ್ಲಿಯೇ ಹೆಚ್ಚಿನವರು ಎಡವುವುದು. ಒಳತಂತಿಯ ಮೇಲೆ ಒಂದು ಲೋಹದ ಗುಂಡು, ಅಂದರೆ ಸ್ಟಾಪರ್ ಇರುತ್ತದೆ. ಕೆಲವು ಹೊಸ ಕೇಬಲ್‌ಗಳಲ್ಲಿ ಅದನ್ನು ನೀವೇ ಅದುಮಿ ಕೂರಿಸಬೇಕು: ಕೇಬಲನ್ನು ಸುಮಾರು 200 ಮಿ.ಮೀ. ತ್ರಿಜ್ಯದಲ್ಲಿ ಬಾಗಿಸಿ, ಒಳತಂತಿಯನ್ನು ಹಗುರವಾಗಿ ಎಳೆದು, ತುಸು ಬಿಗಿ ಸಿಕ್ಕಲ್ಲಿ ಹಿಡಿದು, ಹೊರಕವಚದ ತುದಿಯಿಂದ 0.8ರಿಂದ 1.5 ಮಿ.ಮೀ. ದೂರದಲ್ಲಿ ಸ್ಟಾಪರನ್ನು ಅದುಮಿ. ಒಮ್ಮೆ ಅದುಮಿದರೆ ಮುಗಿಯಿತು, ಎರಡು ಸಲ ಅಳೆಯಿರಿ.

ಉದ್ದನೆಯ ರಬ್ಬರ್ ಬೂಟ್ ಇರುವ ಹಳೆಯ ಮಾದರಿಯಲ್ಲಿ, ಪೆಡಲ್ ಬಿಟ್ಟಾಗ ಸ್ಟಾಪರ್ ಬೂಟಿನೊಳಗೆ ಅಡಗಿರುತ್ತದೆ. ಎಂಜಿನ್ ಆಫ್ ಇರುವಾಗ ಒಬ್ಬರು ಪೆಡಲ್ ಪೂರ್ತಿ ತುಳಿದು ಹಿಡಿದರೆ ಅದು ಬೂಟಿನ ತುದಿಗೆ ಬರುತ್ತದೆ. ಆ ತುದಿಗೂ ಸ್ಟಾಪರಿಗೂ ನಡುವೆ 0ಯಿಂದ 1 ಮಿ.ಮೀ. ಇರಬೇಕು. ಬೂಟ್ ಇಲ್ಲದ ಮಾದರಿಯಲ್ಲಿ ಪೆಡಲ್ ಬಿಟ್ಟು, ಹೊರಕವಚದ ತುದಿಗೂ ಸ್ಟಾಪರಿಗೂ ನಡುವಿನ ಅದೇ 0-1 ಮಿ.ಮೀ. ನೋಡುತ್ತಾರೆ. ಬೂಟ್ ಹರಿದುಹೋದ ಕಾರಿನಲ್ಲಿ ಪೆಡಲ್ ತುಳಿದು ಹೊರಕವಚದಿಂದ ಅಳೆದರೆ ಲೆಕ್ಕವೇ ತಲೆಕೆಳಗು. ಯಾವ ಮಾದರಿಯಾದರೂ, ಪೆಡಲ್ ತುಳಿದಾಗ ಥ್ರಾಟಲ್ ನಿಜವಾಗಿ ಪೂರ್ತಿ ತೆರೆಯುತ್ತದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಆಕ್ಸಿಲರೇಟರ್ ಕೇಬಲನ್ನೇ ಮೊದಲು ಸರಿಮಾಡಿ. ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಇಳಿಸಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಆಯಿಲ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಲಿವರನ್ನು ಪಿ ಇಂದ ಎಲ್ ತನಕ ಪ್ರತಿ ಸ್ಥಾನದಲ್ಲಿ ಕೆಲವು ಕ್ಷಣ ನಿಲ್ಲಿಸಿ. ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ಬಿಸಿಯಾದ ಮೇಲೆ, ಎಂಜಿನ್ ಐಡಲ್‌ನಲ್ಲಿರುವಾಗ ಡಿಪ್‌ಸ್ಟಿಕ್‌ನ ಹಾಟ್ ಗುರುತಿನ ನಡುವೆ ಬರುವಂತೆ ತುಂಬಿಸಿ. ಹೆಚ್ಚಾದರೆ ನೊರೆ ಏಳುತ್ತದೆ.

ಪರೀಕ್ಷೆಗೆ ಹೆದ್ದಾರಿ 66ರಲ್ಲಿ ಬೆಳಗಿನ ಜಾವ ಒಳ್ಳೆಯದು. ಹಗುರ ಪೆಡಲಿನಲ್ಲಿ ಗೇರು ನಯವಾಗಿ ಬೀಳಬೇಕು, ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯಬೇಕು, ಎಂಜಿನ್ ಸುಮ್ಮನೆ ಕೂಗಬಾರದು. ಗೇರು ಧಡ್ಡನೆ, ತಡವಾಗಿ ಬಿದ್ದರೆ ಕೇಬಲ್ ಬಿಗಿಯಾಗಿದೆ. ಅಳತೆ ಮತ್ತೆ ನೋಡಿ. ಹಿತವಾಗಿರಲೆಂದು ಅಳತೆಗಿಂತ ಸಡಿಲ ಬಿಡುವುದು ಮಾತ್ರ ಎಂದಿಗೂ ಬೇಡ. ಅಳತೆ ಸರಿಯಿದ್ದೂ ಜಾರುತ್ತಿದ್ದರೆ ಗೇರ್‌ಬಾಕ್ಸ್ ಒಳಗಿನ ಆಯಿಲ್ ಪ್ರೆಶರ್ (ಲೈನ್ ಪ್ರೆಶರ್) ಅಳೆಯುವ ಗೇಜ್ ಹಾಕಿಸಿ ನೋಡಬೇಕು, ಅಲ್ಲಿಯವರೆಗೆ ಘಾಟಿ ಹತ್ತಿಸಬೇಡಿ.