ಗಾಳಿಗೆ ಉಲ್ಟಾ ಹೊಡೆಯದ ಕೊಡೆ ಮಾಡಿಕೊಳ್ಳುವುದು ಹೇಗೆ

ಒಂದೇ ಮಳೆಗಾಲದಲ್ಲಿ ನಮ್ಮಮ್ಮನ ಮೂರು ಕೊಡೆ ಮುರಿದವು. ನಮ್ಮದು ತೀರ್ಥಹಳ್ಳಿ ಕಡೆ. ಬೆಳಗ್ಗೆ ಡೈರಿಗೆ ಹಾಲು ಹಾಕಲು ಗದ್ದೆ ಅಂಚಿನ ಮೇಲೆ ನಡೆದು ಹೋಗಬೇಕು, ಒಂದು ಮರದ ಮರೆಯೂ ಇಲ್ಲ. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತಾರಲ್ಲ, ಆ ದಿನಗಳಲ್ಲಿ ಗಾಳಿಯೂ ಹಾಗೇ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಕೊಡೆ. ಕೊಡೆ ಪಟ್ ಅಂತ ಉಲ್ಟಾ ಆದರೆ ಅವಳು ಕ್ಯಾನನ್ನು ಬಿಡುವುದಿಲ್ಲ, ಪೂರ್ತಿ ನೆನೆದುಕೊಂಡೇ ಬರುತ್ತಾಳೆ. ಮೂರನೆಯದು ಮುರಿದ ದಿನ ನಾನು ಮೂರನ್ನೂ ಜಗಲಿ ಮೇಲೆ ಹರವಿಕೊಂಡು ಎಲ್ಲೆಲ್ಲಿ ಮುರಿದಿದೆ ಅಂತ ನೋಡುತ್ತಾ ಕೂತೆ. ಆಮೇಲೆ ಮಾಡಿಕೊಟ್ಟ ಕೊಡೆ ಮುಂದಿನ ಮಳೆಗಾಲ ಪೂರ್ತಿ ಬಾಳಿತು. ಅದನ್ನು ಮಾಡುವ ಬಗೆ ಇದು.

ಮೊದಲು ಗಾಳಿ ಎಷ್ಟು ಜೋರಾಗಿ ತಳ್ಳುತ್ತದೆ ಅಂತ ತಿಳಿದುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅಗಲ 1 ಮೀಟರ್ ಇರುವ ಕೊಡೆ ತೆಗೆದುಕೊಳ್ಳೋಣ. ಗಂಟೆಗೆ 36 ಕಿ.ಮೀ. ಗಾಳಿ ಕೊಡೆಯ ಹೊಟ್ಟೆಯೊಳಗೆ, ಅಂದರೆ ಕೆಳಗಿನ ಬದಿಗೆ, ನೇರ ನುಗ್ಗಿದರೆ ಸುಮಾರು 7 ಕೆ.ಜಿ. ತೂಕದಷ್ಟು ತಳ್ಳುತ್ತದೆ. ಅದೇ ಗಾಳಿ ಬೆನ್ನಿನ ಕಡೆ, ಉಬ್ಬಿದ ಬದಿಗೆ ಬಡಿದರೆ 2 ಕೆ.ಜಿ. ಅಷ್ಟೇ, ಏಕೆಂದರೆ ಉಬ್ಬಿನ ಮೇಲೆ ಗಾಳಿ ಜಾರಿ ಹೋಗುತ್ತದೆ, ಬಟ್ಟಲಿನಂಥ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 72 ಕಿ.ಮೀ. ಗಾಳಿಗೆ 27 ಕೆ.ಜಿ.! ತುಂಬಿದ ಗ್ಯಾಸ್ ಸಿಲಿಂಡರಿಗೆ ಹತ್ತಿರ ಹತ್ತಿರ. ಅಷ್ಟನ್ನು ಎಂಟು ತೆಳು ಕಡ್ಡಿ ಹೊರಬೇಕು ಅನ್ನುವುದು ಆಗದ ಮಾತು. ಹೊತ್ತರೂ ಹಿಡಿದ ಕೈ ತಾಳುವುದಿಲ್ಲ.

ಹಾಗಾಗಿ ಕೊಡೆಯನ್ನು ಸುಮ್ನೆ ದಪ್ಪ ಮಾಡುತ್ತಾ ಹೋಗಬೇಡಿ. ಗಾಳಿ ಹೊರಗೆ ಹೋಗಲು ದಾರಿ ಬಿಡಿ, ಕಡ್ಡಿ ಬಾಗಿ ವಾಪಸ್ ಬರುವ ಹಾಗೆ ಮಾಡಿ. ನನ್ನ ಪೂರ್ತಿ ವಿನ್ಯಾಸ ಇಷ್ಟೇ.

ಎಷ್ಟು ಗಾಳಿಗೆ ಮಾಡಬೇಕು? ಗಾಳಿಯ ಜೋರನ್ನು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 6ನೇ ಹಂತ ಅಂದರೆ ಗಂಟೆಗೆ 39ರಿಂದ 49 ಕಿ.ಮೀ. ಆ ಹಂತದ ಗುರುತೇ ಇದು: ದೊಡ್ಡ ಕೊಂಬೆಗಳು ಅಲ್ಲಾಡುತ್ತವೆ, ಕೊಡೆ ಹಿಡಿಯುವುದು ಕಷ್ಟವಾಗುತ್ತದೆ. ಮನೆಯಲ್ಲಿ ಮಾಡುವ ಕೊಡೆಗೆ 50 ಕಿ.ಮೀ. ಅಂತ ಗುರಿ ಇಟ್ಟುಕೊಳ್ಳಿ. ಅದಕ್ಕಿಂತ ಜೋರು ಗಾಳಿಯಲ್ಲಿ ಮರಗಳೇ ಬುಡದಿಂದ ತೂಗುತ್ತವೆ. ಆಗ ಕೊಡೆ ಗಟ್ಟಿ ಇದೆ ಅಂತ ಹೊರಗೆ ಹೋಗುವುದು ಬೇಡ.

ಈಗ ಚೌಕಟ್ಟು. ಮೂರು ಮಡಿಕೆಯ ಚಿಕ್ಕ ಕೊಡೆ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಒಂದೊಂದು ಕಡ್ಡಿಯೂ ಮೂರು ತುಂಡು, ತುಂಡು ಸೇರುವ ಪ್ರತಿ ಜಾಗವೂ ಮುರಿಯುವ ಜಾಗ. ಬ್ಯಾಗಿನಲ್ಲಿ ಹಿಡಿಯುತ್ತದೆ ಅನ್ನುವ ಒಂದೇ ಗುಣಕ್ಕೆ ಅದನ್ನು ಇಟ್ಟುಕೊಳ್ಳಬಹುದು. ನಿಮಗೆ ಬೇಕಾದದ್ದು ಅಜ್ಜಂದಿರು ಹಿಡಿಯುತ್ತಿದ್ದ ಥರದ, ಮಡಚದ, ಉದ್ದ ಕೋಲಿನ ಕೊಡೆ. ಅಗಲ 1 ಮೀಟರ್ ಸಾಕು. ದೊಡ್ಡದಿದ್ದರೆ ಒಳ್ಳೆಯದು ಅನ್ನಿಸುತ್ತದೆ ಅಲ್ವಾ, ಆದರೆ 1.2 ಮೀಟರಿನ ಕೊಡೆಗೆ ಗಾಳಿ 44 ಪಾಲು ಜಾಸ್ತಿ ಬಡಿಯುತ್ತದೆ, ಅಂದರೆ ನೂರಿದ್ದದ್ದು 144 ಆಗುತ್ತದೆ. ಅಮ್ಮನಂಥ ಸಣ್ಣ ಮೈಕಟ್ಟಿನವರಿಗೆ 90 ಸೆಂ.ಮೀ. ಸಹ ನಡೆಯುತ್ತದೆ.

ಕಡ್ಡಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ತೆಳು ಪಟ್ಟಿಯನ್ನು ಯು ಆಕಾರಕ್ಕೆ ಮಡಚಿ ಕೊಡೆ ಕಡ್ಡಿ ಮಾಡಿದ. ಹಗುರ, ಆದರೂ ಗಟ್ಟಿ. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಎಷ್ಟೋ ಕೊಡೆಗಳಲ್ಲಿ ಅದೇ ಕಡ್ಡಿ ಇದೆ. ಅದರ ಒಂದೇ ದೋಷ ಅಂದರೆ ಒಂದು ಮಿತಿ ದಾಟಿ ಬಾಗಿದರೆ ಯು ಆಕಾರ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ, ಆಮೇಲೆ ಎಷ್ಟು ನೆಟ್ಟಗೆ ಮಾಡಿದರೂ ಅಲ್ಲೇ ಮತ್ತೆ ಮಡಚುತ್ತದೆ. ಫೈಬರ್‌ಗ್ಲಾಸ್ ಕಡ್ಡಿ ಹಾಗಲ್ಲ. ಬಿಲ್ಲಿನ ಹಾಗೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಅಂಗಡಿಯಲ್ಲಿ ಕೊಡೆ ಬಿಚ್ಚಿ ಒಂದು ಕಡ್ಡಿಯ ತುದಿಯನ್ನು ಒಂದು ಗೇಣು ಬಾಗಿಸಿ ನೋಡಿ. ಹಳೆ ಜಾಗಕ್ಕೆ ಬಂತಾ, ತೆಗೆದುಕೊಳ್ಳಿ. ಹದಿನಾರು ಕಡ್ಡಿಯ ಕೊಡೆ ಅಂತ ಮಾರುತ್ತಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಹದಿನಾರು ತೆಳು ಕಡ್ಡಿಗಿಂತ ಒಳ್ಳೆಯ ಫೈಬರ್‌ಗ್ಲಾಸಿನ ಎಂಟು ಕಡ್ಡಿ ಮೇಲು, ಹಿಡಿಯಲೂ ಹಗುರ.

ಕಡ್ಡಿಯ ನಡುವಿಗೆ ಬಂದು ಸೇರುವ ಚಿಕ್ಕ ಕಡ್ಡಿ ಇದೆಯಲ್ಲ, ಕೊಡೆ ಬಿಚ್ಚಿದಾಗ ಆನಿಸಿ ಹಿಡಿಯುವಂಥದ್ದು, ಅದು ಎಲ್ಲಿ ಸೇರುತ್ತದೆ ನೋಡಿ. ಅಲ್ಲಿಂದ ಆಚೆಗಿನ ಕಡ್ಡಿಗೆ ಬಟ್ಟೆಯ ಬಿಗಿ ಬಿಟ್ಟರೆ ಬೇರೆ ಆಸರೆ ಇಲ್ಲ. ಗಾಳಿ ಕೆಳಗಿನಿಂದ ಎತ್ತುತ್ತಾ ಹೋಗಿ ತುದಿಗಳು ಒಮ್ಮೆ ಮೇಲಕ್ಕೆ ದಾಟಿದರೆ ಬಟ್ಟೆಯ ಬಿಗಿಯೂ ಅತ್ತಲೇ ಎಳೆಯುತ್ತದೆ, ಕೊಡೆ ಉಲ್ಟಾ ಹೊಡೆಯುವುದು ಆ ಕ್ಷಣದಲ್ಲಿ. ಹಾಗಾಗಿ ಆಸರೆ ಕಡ್ಡಿ ತುದಿಗೆ ಹತ್ತಿರ ಬಂದು ಸೇರಿದಷ್ಟೂ ಒಳ್ಳೆಯದು. ಒಂದೇ ಅಳತೆಯ ಎರಡು ಕೊಡೆ ಪಕ್ಕಪಕ್ಕ ಹಿಡಿದು ನೋಡಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕೋಲನ್ನೂ ನೋಡಿ. ಅದು ಮುರಿಯುವುದು ಹೆಚ್ಚಾಗಿ ಸ್ಪ್ರಿಂಗ್ ಕೂರಿಸಲು ಸೀಳಿದ ಜಾಗದಲ್ಲೇ. ಸೀಳು ಉದ್ದ ಇದ್ದು ಕೊಳವೆ ತೆಳುವಿದ್ದರೆ ಬೇಡ.

ಇನ್ನು ಮುಖ್ಯ ಕೆಲಸ, ಗಾಳಿಗೆ ಬಾಯಿ ಬಿಡುವುದು. ನೆತ್ತಿಯ ಬಟ್ಟೆಯಲ್ಲಿ ತೂತು ಮಾಡಿ, ಅದರ ಮೇಲೆ ತೂತಿಗಿಂತ ಅಗಲವಾದ ಒಂದು ಟೋಪಿ ಹೊಲಿಯುತ್ತೇವೆ. ಕೆಳಗಿನಿಂದ ಗಾಳಿ ಬಂದರೆ ಟೋಪಿ ಎದ್ದು ಬಿಡುತ್ತದೆ. ಮೇಲಿನಿಂದ ಮಳೆ ಬಿದ್ದರೆ ಟೋಪಿ ಮೇಲಿಂದ ಇಳಿದು ಕೆಳಗಿನ ಬಟ್ಟೆ ಮೇಲೆ ಹರಿದು ಹೋಗುತ್ತದೆ, ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ.

ಟೋಪಿಗೆ ಹೊಸ ಬಟ್ಟೆ ಹುಡುಕಬೇಡಿ. ಮುರಿದ ಇನ್ನೊಂದು ಎಂಟು ಕಡ್ಡಿಯ ಕೊಡೆ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ನೆತ್ತಿಯ ಭಾಗಕ್ಕೆ ಬೇಕಾದ ಉಬ್ಬು ಆಗಲೇ ಇದೆ. ನೆತ್ತಿಯಿಂದ 26 ಸೆಂ.ಮೀ. ಅಳೆದು ಸುತ್ತಲೂ ಗುರುತು ಹಾಕಿ ಕತ್ತರಿಸಿ. ಕತ್ತರಿಸುವಾಗ ಎರಡು ಹೊಲಿಗೆಗಳ ನಡುವೆ ಒಂದೂವರೆ ಸೆಂ.ಮೀ. ಹೊರಗೆ ಉಬ್ಬುವ ಹಾಗೆ ಬಿಡಿ, ಟೋಪಿ ಏಳಲು ಆ ಸಡಿಲ ಬೇಕು. ಅಂಚನ್ನು ಒಂದು ಸುತ್ತು ಮಡಚಿ ಹೊಲಿಯಿರಿ.

ಈಗ ಒಳ್ಳೆಯ ಕೊಡೆ. ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಒಂದೆರಡು ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಹೊಲಿಗೆ ಎಲ್ಲಿತ್ತು ಅಂತ ಆಮೇಲೆ ಗೊತ್ತಾಗುವುದಿಲ್ಲ. ನೆತ್ತಿಯಿಂದ 17 ಸೆಂ.ಮೀ. ದೂರದಲ್ಲಿ ವೃತ್ತ ಬರೆಯಿರಿ. ತಕ್ಷಣ ಕತ್ತರಿಸಬೇಡಿ! ಮೊದಲು ಆ ಗೆರೆಯ ಹೊರಗಿನ ಬದಿಗೆ 2 ಸೆಂ.ಮೀ. ಅಗಲದ ಗಟ್ಟಿ ನೈಲಾನ್ ಪಟ್ಟಿಯನ್ನು ಸುತ್ತಲೂ ಎರಡು ಸಾಲು ಹೊಲಿದು, ಆಮೇಲೆ ಒಳಗಿನ ಬಟ್ಟೆ ತೆಗೆಯಿರಿ. ಇಷ್ಟು ಹೊತ್ತು ಬಟ್ಟೆಯ ಎಳೆತವನ್ನೆಲ್ಲ ನೆತ್ತಿ ಹಿಡಿದಿತ್ತು, ಇನ್ನು ಮುಂದೆ ಈ ಪಟ್ಟಿಯೇ ಹಿಡಿಯಬೇಕು. ನಾನು ಮೊದಲ ಸಲ ಪಟ್ಟಿ ಹಾಕದೆ ಕತ್ತರಿಸಿದ್ದೆ, ಎರಡೇ ದಿನದಲ್ಲಿ ತೂತು ಹಿಗ್ಗಿ ಬಟ್ಟೆ ಜೋತು ಬಿತ್ತು. ಒಂದು ಬಟ್ಟೆ ಹಾಳಾಯಿತು.

ಟೋಪಿಯನ್ನು ಮೇಲೆ ಇಟ್ಟು ಎಂಟೂ ಹೊಲಿಗೆಗಳನ್ನು ಕೆಳಗಿನ ಎಂಟು ಹೊಲಿಗೆಗಳಿಗೆ ಸರಿಯಾಗಿ ಕೂರಿಸಿ. ಟೋಪಿ ಮತ್ತು ಕೆಳಗಿನ ಬಟ್ಟೆ ಸೇರುವುದು ಆ ಎಂಟು ಜಾಗಗಳಲ್ಲಿ ಮಾತ್ರ. ಒಂದೊಂದು ಕಡೆ 3 ಸೆಂ.ಮೀ. ಉದ್ದ ಹೊಲಿಗೆ ಸಾಕು. ನಡುವೆ ಉಳಿಯುವ ಎಂಟು ಬಾಯಿಗಳೇ ಗಾಳಿಯ ದಾರಿ. ಪ್ರತಿ ಬಾಯಿಯ ಮಧ್ಯದಲ್ಲಿ ಟೋಪಿಯ ಅಂಚಿಗೂ ಕೆಳಗಿನ ಬಟ್ಟೆಗೂ 4 ಸೆಂ.ಮೀ. ಎಲಾಸ್ಟಿಕ್ ತುಂಡು ಹೊಲಿಯಿರಿ, ಇಲ್ಲದಿದ್ದರೆ ಜೋರು ಗಾಳಿಗೆ ಟೋಪಿಯ ಅಂಚೇ ಮೇಲಕ್ಕೆ ಮಗುಚಿ ಮಳೆ ಒಳಗೆ ಬೀಳುತ್ತದೆ. ದಾರ ಪಾಲಿಯೆಸ್ಟರಿನದೇ ಇರಲಿ, ಹತ್ತಿ ದಾರ ಒದ್ದೆಯಾಗಿ ಆಗಿ ಕೊಳೆಯುತ್ತದೆ. ಕೈಹೊಲಿಗೆಯ ಜಾಗಗಳಲ್ಲಿ ದಾರಕ್ಕೆ ಜೇನುಮೇಣ ಎಳೆದುಕೊಂಡರೆ ಸೂಜಿ ತೂತಿನಿಂದ ನೀರು ಜಿನುಗುವುದು ಕಡಿಮೆಯಾಗುತ್ತದೆ. ಸಣ್ಣ ಸೂಜಿ ಬಳಸಿ.

ಬಟ್ಟೆಯನ್ನು ವಾಪಸ್ ಚೌಕಟ್ಟಿಗೆ ಹಾಕುವಾಗ ನೈಲಾನ್ ಪಟ್ಟಿಯನ್ನು ಎಂಟೂ ಕಡ್ಡಿಗೆ ದಾರದಿಂದ ಬಿಗಿಯಾಗಿ ಕಟ್ಟಿ. ಇದನ್ನು ಮರೆತರೆ ಮೇಲೆ ಮಾಡಿದ್ದೆಲ್ಲ ದಂಡ. ಕಡ್ಡಿಯ ತುದಿಗಳಲ್ಲಿ ಬಟ್ಟೆಗೆ ಚಿಕ್ಕ ತ್ರಿಕೋನದ ತೇಪೆ ಹಾಕಿ ಹೊಲಿಯಿರಿ, ಅಮ್ಮನ ಒಂದು ಕೊಡೆ ಹಾಳಾಗಿದ್ದು ಬರೀ ತುದಿಯ ಎರಡು ಹೊಲಿಗೆ ಬಿಟ್ಟುಕೊಂಡಿದ್ದಕ್ಕೆ. ನೆತ್ತಿಯಲ್ಲಿ ಕಡ್ಡಿಗಳನ್ನು ಒಟ್ಟು ಹಿಡಿದಿರುವ ತಂತಿ ತುಕ್ಕು ಹಿಡಿದಿದ್ದರೆ ತೆಗೆದು ಸ್ಟೀಲಿನ ತಂತಿ ಹಾಕಿ. ಹಿಡಿಗೆ ಮಣಿಕಟ್ಟಿಗೆ ಹಾಕುವ ಒಂದು ಪಟ್ಟಿ ಇರಲಿ.

ಪರೀಕ್ಷೆ ಮಾಡದೆ ಮಳೆಗೆ ಒಯ್ಯಬೇಡಿ. ಕೊಡೆ ಬಿಚ್ಚಿ, ಹಿಡಿ ಮೇಲೆ ಬರುವ ಹಾಗೆ ತಲೆಕೆಳಗಾಗಿ ತೊಲೆಗೆ ನೇತುಹಾಕಿ. ಈಗ ಕಡ್ಡಿಗೆ ತೂಕ ಕಟ್ಟಿದರೆ ಅದು ಎಳೆಯುವ ದಿಕ್ಕು, ಗಾಳಿ ಹೊಟ್ಟೆಯಿಂದ ತಳ್ಳುವ ದಿಕ್ಕು ಎರಡೂ ಒಂದೇ. ನೆತ್ತಿಯಿಂದ ತುದಿಗೆ ಇರುವ ಉದ್ದದ ಮೂರರಲ್ಲಿ ಎರಡು ಪಾಲಿನ ಜಾಗದಲ್ಲಿ, ಬಟ್ಟೆಯ ಪಕ್ಕದಿಂದ ದಾರ ತೂರಿಸಲು ಆಗದಿದ್ದರೆ ಬಟ್ಟೆ ಹಾಕುವ ಮೊದಲೇ, ಒಂದೊಂದು ಕಡ್ಡಿಗೂ 850 ಮಿ.ಲೀ. ನೀರು ತುಂಬಿದ ಬಾಟಲಿ ಕಟ್ಟಿ. ಎಂಟು ಬಾಟಲಿ ಸೇರಿ ಸುಮಾರು 7 ಕೆ.ಜಿ., ಅಂದರೆ 36 ಕಿ.ಮೀ. ಗಾಳಿ. ಇದಕ್ಕೆ ಕಡ್ಡಿ ಆರಾಮಾಗಿ ನಿಲ್ಲಬೇಕು. ಒಂದೊಂದು ಕಡ್ಡಿಗೆ 1.6 ಕೆ.ಜಿ. ಕಟ್ಟಿದರೆ 50 ಕಿ.ಮೀ. ಗಾಳಿಯ ಲೆಕ್ಕ. ಆಗ ಬಾಗಲಿ, ಉಲ್ಟಾ ಕೂಡ ಆಗಲಿ ಪರವಾಗಿಲ್ಲ, ತೂಕ ತೆಗೆದ ಮೇಲೆ ಒಂದೂ ಕಡ್ಡಿ ಡೊಂಕಾಗಿ ಉಳಿಯಬಾರದು. ಬಟ್ಟೆಯ ಪರೀಕ್ಷೆ ಬಯಲಲ್ಲೇ ಆಗಬೇಕು. ನಾನು ಗಾಳಿ ಬೀಸುವ ಸಂಜೆ ನಮ್ಮ ಕೆರೆ ಏರಿ ಮೇಲೆ ನಿಂತು ಕೊಡೆಯನ್ನು ಮೆಲ್ಲಗೆ ಗಾಳಿಗೆ ಹಿಡಿದೆ. ಎಂಟೂ ಬಾಯಿ ಫಡಫಡ ಅಂತ ತೆರೆದುಕೊಂಡು ಕೈಯ ಎಳೆತ ಸಡಿಲವಾದಾಗ ಆದ ಖುಷಿ ಈಗಲೂ ಇದೆ.

ಆಕಾರದ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ನಾಟಿ ಹೊತ್ತಿನಲ್ಲಿ ತಲೆಯಿಂದ ಸೊಂಟದವರೆಗೆ ಹಾಕಿಕೊಳ್ಳುತ್ತಿದ್ದ ಗೊರಬು ಗೊತ್ತಲ್ಲ? ಮುಂದೆ ಗಿಡ್ಡ, ಹಿಂದೆ ಉದ್ದ, ಬೆನ್ನಿಗೆ ಒತ್ತಿಕೊಂಡು ಕೂರುತ್ತದೆ. ಬಗ್ಗಿ ಸಸಿ ನೆಡುವಾಗ ಗಾಳಿ ಅದರ ಬೆನ್ನಿನ ಮೇಲೆ ಜಾರಿ ಹೋಗುತ್ತದೆ, ಒಳಗೆ ನುಗ್ಗಲು ಜಾಗ ಇಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಓದುತ್ತಿದ್ದ ಗೆರ್ವಿನ್ ಹೂಗೆನ್‌ಡೋರ್ನ್ ಎಂಬ ಹುಡುಗ ಮಾಡಿದ ಸೆನ್ಜ್ ಕೊಡೆ 2006ರಲ್ಲಿ ಮಾರುಕಟ್ಟೆಗೆ ಬಂತು, ಅದರದ್ದೂ ಮುಂದೆ ಗಿಡ್ಡ, ಹಿಂದೆ ಉದ್ದದ ಆಕಾರವೇ. ಗಾಳಿ ತಿರುಗಿದ ಹಾಗೆ ಕೊಡೆಯೂ ತಿರುಗಿ ಬೆನ್ನನ್ನೇ ಗಾಳಿಗೆ ಕೊಡುತ್ತದೆ. ಮನೆಯಲ್ಲಿ ಇದನ್ನು ಮಾಡುವುದು ಕಷ್ಟ, ಒಂದೊಂದು ಕಡ್ಡಿಯೂ ಬೇರೆ ಬೇರೆ ಅಳತೆ ಬೇಕು. ಆದರೆ ಹಿಡಿಯುವ ರೀತಿಯಲ್ಲಿ ಅರ್ಧ ಲಾಭ ಸಿಗುತ್ತದೆ. ಕೊಡೆಯ ಬೆನ್ನನ್ನು ಗಾಳಿಯ ಕಡೆಗೆ ಓರೆ ಮಾಡಿ, ಹಿಡಿಯನ್ನು ಬಿಟ್ಟು ಕೋಲನ್ನು ಮೇಲಕ್ಕೆ ಹಿಡಿದು, ತಲೆಗೆ ತಾಗುವಷ್ಟು ತಗ್ಗಿಸಿ ನಡೆಯಿರಿ. ಕೈ ಮತ್ತು ಬಟ್ಟೆಯ ನಡುವಿನ ದೂರ ಕಡಿಮೆಯಾದಷ್ಟೂ ಮಣಿಕಟ್ಟಿಗೆ ಬೀಳುವ ಎಳೆತ ಕಡಿಮೆ.

ಉಲ್ಟಾ ಆಗಿಯೇ ಬಿಟ್ಟರೆ ಕಡ್ಡಿಗಳನ್ನು ಕೈಯಿಂದ ಒಂದೊಂದಾಗಿ ಎಳೆಯಬೇಡಿ, ಮುರಿಯುವುದು ಆಗಲೇ. ಕೊಡೆಯ ಬೆನ್ನನ್ನು ಗಾಳಿಗೆ ತಿರುಗಿಸಿ, ಗಾಳಿಯೇ ವಾಪಸ್ ಮಾಡುತ್ತದೆ. ಆಗದಿದ್ದರೆ ಮುಚ್ಚಿ ಮತ್ತೆ ಬಿಚ್ಚಿ.

ಎರಡು ವಿಷಯ ಕೈಮುಗಿದು ಕೇಳಿಕೊಳ್ಳುತ್ತೇನೆ. ಗುಡುಗು ಸಿಡಿಲು ಇರುವಾಗ ಗದ್ದೆ ಬಯಲಲ್ಲಿ ಯಾವ ಕೊಡೆಯನ್ನೂ ಹಿಡಿದು ನಿಲ್ಲಬೇಡಿ. ಬೈಕಿನ ಹಿಂದೆ ಕೂತು ಕೊಡೆ ಬಿಚ್ಚಲೇಬೇಡಿ. 40ರಲ್ಲಿ ಹೋಗುವ ಬೈಕಿಗೆ ಎದುರು ಗಾಳಿ 30 ಇದ್ದರೆ ಕೊಡೆಗೆ ಬಡಿಯುವುದು 70, ಅಂದರೆ ಮೊದಲು ಹೇಳಿದ ಆ ಸಿಲಿಂಡರಿನ ತೂಕ ಹಿಂದಕ್ಕೆ ಎಳೆಯುತ್ತದೆ. ಈ ಕೊಡೆಯೂ ಅದಕ್ಕೆ ಅಲ್ಲ.

ಮನೆಗೆ ಬಂದ ಮೇಲೆ ಅರ್ಧ ಬಿಚ್ಚಿ ಜಗಲಿಯಲ್ಲಿ ಒಣಗಿಸಿ, ಒದ್ದೆ ಕೊಡೆ ಮಡಚಿಟ್ಟರೆ ಟೋಪಿಯ ಕೆಳಗೆ ಬೂಷ್ಟು ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಆಸರೆ ಕಡ್ಡಿಯ ಕೀಲುಗಳಿಗೆ ಒಂದು ಹನಿ ಹೊಲಿಗೆ ಮಿಷಿನ್ ಎಣ್ಣೆ ಬಿಡಿ. ಎಲಾಸ್ಟಿಕ್ ಒಂದು ಮಳೆಗಾಲಕ್ಕೆ ಸಡಿಲವಾಗುತ್ತದೆ. ಅಮ್ಮನ ಕೊಡೆಗೆ ಈ ಮೇ ತಿಂಗಳಲ್ಲಿ ಎಂಟೂ ತುಂಡು ಬದಲಿಸಿದೆ, ಉಳಿದದ್ದೆಲ್ಲ ಹಾಗೇ ಇದೆ.