ಇಸಬೆಲ್ಲಾಳನ್ನು ಕನ್ನಡದ ರಂಗಕ್ಕೆ ತಂದಾಗ: ನನ್ನ ಅನುಭವ

ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿ, ಮುಂದೆ ಗುಲಾಮಗಿರಿಯ ವಿರುದ್ಧವೂ ಹೆಂಗಸರ ಹಕ್ಕುಗಳಿಗಾಗಿಯೂ ದನಿಯೆತ್ತಿದ ಸೊಜರ್ನರ್ ಟ್ರೂತ್ ಅವರ ಬದುಕನ್ನು ಆಧರಿಸಿ ಏಕವ್ಯಕ್ತಿ ಪ್ರಯೋಗವೊಂದನ್ನು ಬರೆದುಕೊಡಲು ಒಪ್ಪಿಕೊಂಡಾಗ ನನಗೆ ಗೊತ್ತಿದ್ದುದು ಅವರು 1851ರಲ್ಲಿ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಹೆಂಗಸರ ಹಕ್ಕುಗಳ ಬಗ್ಗೆ ಮಾಡಿದ ಭಾಷಣವೊಂದೇ. ಓದುತ್ತ ಹೋದಂತೆ ಆ ಭಾಷಣವನ್ನೇ ಕೈಬಿಟ್ಟೆ. 1843ರಲ್ಲಿ ಸೊಜರ್ನರ್ ಟ್ರೂತ್ ಎಂಬ ಹೆಸರನ್ನು ತಾನೇ ಇಟ್ಟುಕೊಳ್ಳುವ ಮೊದಲು ಇಸಬೆಲ್ಲಾ ಆಗಿದ್ದ ತಾಯಿಯ ಕಥೆ ಅದಕ್ಕಿಂತ ಗಟ್ಟಿಯಾಗಿ ನನ್ನನ್ನು ಹಿಡಿಯಿತು.

ಮೊದಲ ಕರಡಿನಲ್ಲಿ ಆಕೆಗೆ ನಮ್ಮ ಕಡೆಯ ಒರಟು ಆಡುಮಾತನ್ನು ಕೊಟ್ಟಿದ್ದೆ. ಅದು ತಪ್ಪು. ನ್ಯೂಯಾರ್ಕ್ ರಾಜ್ಯದ ಅಲ್ಸ್ಟರ್ ಕೌಂಟಿಯಲ್ಲಿ ಡಚ್ಚರ ಮನೆಯಲ್ಲಿ ಹುಟ್ಟಿದ ಆಕೆಯ ಮೊದಲ ಭಾಷೆ ಡಚ್. ಸುಮಾರು ಒಂಬತ್ತರ ವಯಸ್ಸಿನಲ್ಲಿ ಕುರಿಗಳ ಜೊತೆಗೆ 100 ಡಾಲರಿಗೆ ಮಾರಾಟವಾದಾಗ ಹೊಸ ಧಣಿಯ ಇಂಗ್ಲಿಷ್ ಅರ್ಥವಾಗದೆ ಏಟು ತಿಂದವಳು ಆಕೆ. ಅಮೆರಿಕದ ದಕ್ಷಿಣದ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಆಡುನುಡಿಯನ್ನು ಆಕೆಯ ಬಾಯಿಗೆ ತುರುಕಿದವರು ಆಮೇಲೆ ಬರೆದವರು, ಮತ್ತು ನಾನೂ ಅದನ್ನೇ ಮಾಡುತ್ತಿದ್ದೆ. ಪದಗಳ ಆಯ್ಕೆಯೂ ಸುಲಭವಾಗಿರಲಿಲ್ಲ. 'ಜೀತ' ಎಂದರೆ ಸಾಲದ ನೆರಳು ಬೀಳುತ್ತದೆ, ಇಲ್ಲಿ ಸಾಲವೇ ಇರಲಿಲ್ಲ. 'ಒಡೆಯ' ಎಂದರೆ ವಚನಗಳ ಭಕ್ತಿ ನುಸುಳುತ್ತದೆ. 'ಯಜಮಾನ' ಎಂದರೆ ನಮ್ಮ ಹಳ್ಳಿಯ ಹೆಂಗಸರಿಗೆ ಗಂಡ. ಕೊನೆಗೆ 'ಧಣಿ' ಉಳಿಯಿತು.

ಪ್ರಯೋಗದ ನಡುಗಂಬ 1828ರ ಮೊಕದ್ದಮೆ. ಐದು ವರ್ಷದ ಮಗ ಪೀಟರ್ ಕೈಯಿಂದ ಕೈಗೆ ದಾಟಿ ಅಲಬಾಮಾ ಸೇರಿದ್ದ. ಗುಲಾಮರನ್ನು ರಾಜ್ಯದ ಹೊರಗೆ ಮಾರುವುದನ್ನು ನ್ಯೂಯಾರ್ಕಿನ ಕಾನೂನು ನಿಷೇಧಿಸಿದ್ದರಿಂದ, ಕ್ವೇಕರ್ ಎಂಬ ಕ್ರೈಸ್ತ ಪಂಥದವರ ನೆರವಿನಿಂದ ಇಸಬೆಲ್ಲಾ ಕಿಂಗ್‌ಸ್ಟನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಅಕ್ಷರ ಬಾರದ ಆಕೆ ಸಹಿಯ ಜಾಗದಲ್ಲಿ ಬರಿಯ ಗುರುತು ಹಾಕಿದ ಹೇಳಿಕೆ ರಾಜ್ಯದ ದಾಖಲೆ ಸಂಗ್ರಹದಲ್ಲಿ ಪತ್ತೆಯಾದ ಸುದ್ದಿ 2022ರಲ್ಲಿ ಬಂದಾಗ, ಈ ದೃಶ್ಯವನ್ನು ನಾನು ಮತ್ತೆ ಮೊದಲಿನಿಂದ ಬರೆದೆ.

ನ್ಯಾಯಾಲಯದಲ್ಲಿ ಮಗ ಎದುರಿಗೆ ಬಂದವನೇ ಅತ್ತು, ಈಕೆ ತನ್ನ ತಾಯಿಯೇ ಅಲ್ಲ ಎಂದ. ಹಣೆಯ ಗಾಯ ಕುದುರೆ ಒದ್ದದ್ದೆಂದ. ನಾನು ಅಲ್ಲಿ ತಾಯಿಯ ದೀರ್ಘ ವಿಲಾಪ ಬರೆದಿದ್ದೆ. ಆ ಹೊತ್ತಿಗೆ ಆಕೆ ಯಾರನ್ನು ನೋಡುತ್ತಿರುತ್ತಾಳೆ ಎಂದು ನಟಿ ಕೇಳಿದರು. ಮಗುವನ್ನಲ್ಲ, ನ್ಯಾಯಾಧೀಶನನ್ನು ಎಂದು ಹೇಳುವಷ್ಟರಲ್ಲೇ ವಿಲಾಪ ಅನಾವಶ್ಯಕವೆಂದು ತಿಳಿಯಿತು. ಮಗ ಕೈಸೇರಿದ ಮೇಲೆ ಆಕೆ ಅವನ ಬೆನ್ನನ್ನು ನೋಡುತ್ತಾಳೆ. ಜಗುಲಿಯ ಕೆಳಗೆ ತೆವಳಿ ಅಡಗಿದಾಗ ರಕ್ತಕ್ಕೆ ಬೆನ್ನು ಹಲಗೆಗೆ ಅಂಟುತ್ತಿತ್ತೆಂದು ಹುಡುಗ ಹೇಳುತ್ತಾನೆ. ಹೊಡೆದವರಿಗೆ ಇಮ್ಮಡಿ ತೀರಿಸು ಎಂದು ಆಕೆ ದೇವರನ್ನು ಬೇಡಿದ್ದನ್ನು ಹಾಗೆಯೇ ಉಳಿಸಿದ್ದೇನೆ. ಆಕೆಯನ್ನು ಸಹನಾಮೂರ್ತಿಯಾಗಿಸಿದ್ದರೆ ನೋಡುವ ನಮಗೆ ಹಿತವಾಗುತ್ತಿತ್ತು, ಅಷ್ಟೇ.

1839ರಲ್ಲಿ ಪೀಟರ್ ತಿಮಿಂಗಿಲ ಬೇಟೆಯ ಹಡಗು ಹತ್ತಿದ, 1841ರ ತನಕ ಪತ್ರ ಬರೆದ, 1842ರಲ್ಲಿ ಹಡಗು ಅವನಿಲ್ಲದೆ ಮರಳಿತು. ಅಲ್ಲಿಗೆ ತೆರೆ ಎಳೆದಿದ್ದೆ. ಮೊದಲ ಪ್ರದರ್ಶನ ಮುಗಿದಾಗ ವಯಸ್ಸಾದ ತಾಯಿಯೊಬ್ಬರು ನೇಪಥ್ಯಕ್ಕೆ ಬಂದು, "ಹೆಣ್ಮಕ್ಕಳನ್ನ ಎಲ್ಲಿ ಬಿಟ್ಟಿರಮ್ಮಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. 1826ರ ಕೊನೆಯ ಭಾಗದಲ್ಲಿ ಬೆಳಕು ಹರಿಯುವ ಮುನ್ನ ಇಸಬೆಲ್ಲಾ ಧಣಿಯ ಮನೆಯಿಂದ ಕಂಕುಳಲ್ಲಿ ಹಸುಗೂಸು ಸೋಫಿಯಾಳನ್ನಷ್ಟೇ ಎತ್ತಿಕೊಂಡು ಹೊರಟವಳು. 1827ರ ಜುಲೈ 4ರಂದು ರಾಜ್ಯದ ಕಾನೂನು ತಾಯಂದಿರನ್ನು ಬಿಡುಗಡೆ ಮಾಡಿದರೂ, 1799ರ ನಂತರ ಹುಟ್ಟಿದ ಮಕ್ಕಳು ಇಪ್ಪತ್ತು ದಾಟುವವರೆಗೂ ಧಣಿಗಳಲ್ಲಿ ದುಡಿಯಲೇಬೇಕಿತ್ತು. ಬಿಡುಗಡೆಯಾದ ತಾಯಿ ಪಟ್ಟಣದ ಮನೆಗಳಲ್ಲಿ ಕೆಲಸಕ್ಕಿದ್ದಾಗ ಹೆಣ್ಣುಮಕ್ಕಳು ಬೇರೆ ಕಡೆ ಬೆಳೆದರು.

ಈಗ ಹಡಗಿನ ನಂತರ ಇನ್ನೊಂದು ದೃಶ್ಯವಿದೆ: 1850ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್‌ನಲ್ಲಿ ಸಾಲ ಮಾಡಿ ಕೊಂಡ ಮನೆ, ಆಮೇಲೆ ಮಿಶಿಗನ್ನಿನ ಬ್ಯಾಟಲ್ ಕ್ರೀಕ್, ತಾಯಿಯ ಬಳಿಗೆ ಬಂದು ಸೇರಿದ, ವಯಸ್ಸಿಗೆ ಬಂದ ಹೆಣ್ಣುಮಕ್ಕಳು. ನಾಲ್ಕು ನಿಮಿಷದ ಆ ದೃಶ್ಯವನ್ನು ಮೂರು ಸಲ ಬರೆದಿದ್ದೇನೆ; ನಟಿ ಇನ್ನೂ ಒಪ್ಪಿಲ್ಲ.